ಮೂಗೆತ್ತಿದ ಟ್ರೈಲರ್‌ಗಳು

ಏಪ್ರಿಲ್ 14, ಸೋಮವಾರ, ಬೆಳಿಗ್ಗೆ 8.20. ವಯೋಮಿಂಗ್‌ನ ಡ್ರೈ ಫೋರ್ಕ್ ಠಾಣೆಗೆ ಟ್ರೈಲರ್ ವ್ಯಾಪಾರಿ ಗ್ರೇಡಿ ಪೆಲ್‌ಹ್ಯಾಮ್ ಏದುಸಿರು ಬಿಡುತ್ತ ಬಂದ. ಭಾನುವಾರ ಅಂಗಡಿ ಮುಚ್ಚಿದ್ದಾಗ ಅವನ ಅಂಗಳಕ್ಕೆ ಯಾರೋ ನುಗ್ಗಿದ್ದರು.

"ಏನ್ ಹೋಗಿದೆ?" ಸಾರ್ಜೆಂಟ್ ವರ್ಲಿನ್ ಟ್ಯಾಕೆಟ್ ಕೇಳಿದ.

"ಏನೂ ಹೋಗಿಲ್ಲ. ನನ್ನ ಗಾಡಿಗಳನ್ನ ಎತ್ತರ ಮಾಡಿದಾರೆ!"

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಟ್ಯಾಕೆಟ್ ಇಂಥ ದೂರು ಬರೆದುಕೊಂಡಿರಲಿಲ್ಲ.

9.10ಕ್ಕೆ ಸ್ಥಳ ಮಹಜರು. ಪಿಕಪ್‌ನ ತೊಟ್ಟಿಯೊಳಗೆ ಕೊಂಡಿ ಹಾಕಿ ಎಳೆಯುವ ದೊಡ್ಡ ಮನೆಗಾಡಿಗಳು ಸಾಲಾಗಿ ನಿಂತಿದ್ದವು. ಡೆಪ್ಯುಟಿ ಮರಿಸೆಲ್ ಅವುಗಳ ಕೆಳಗೆ ತೆವಳಿ ನೋಡಿದಳು. ನಾಲ್ಕು ಗಾಡಿಗಳಲ್ಲಿ ಚಕ್ರದ ಕಮಾನ್ ಪಟ್ಟಿಗಳನ್ನು ಬಿಚ್ಚಿ, ಬ್ರಾಕೆಟ್ಟಿನ ಕೆಳಗಿನ ತೂತಿಗೆ ಇಳಿಸಿ, ಗಾಡಿ ಅಷ್ಟು ಮೇಲೇಳುವಂತೆ ಬಿಗಿಯಲಾಗಿತ್ತು. ಹೊಸ ಬೋಲ್ಟು, ಸರಿಯಾಗಿ ಬಿಗಿದದ್ದಕ್ಕೆ ಗುರುತಾಗಿ ಪ್ರತಿ ನಟ್ಟಿನ ಮೇಲೂ ಹಳದಿ ಗೀಟು.

"ಹಾಳ್ ಮಾಡಿದಾರಾ?"

"ಎಲ್ಲಿ ಹಾಳು ಸಾರ್ಜೆಂಟ್? ನಮ್ಮಪ್ಪನ ಗಾಡಿಗೆ ದುಡ್ಡು ಕೊಟ್ರೂ ಇಷ್ಟು ನೀಟಾಗಿ ಯಾರೂ ಮಾಡ್ಕೊಡ್ಲಿಲ್ಲ."

ಪೆಲ್‌ಹ್ಯಾಮ್‌ನ ಹೊಸ ಎತ್ತರದ ಪಿಕಪ್‌ಗೆ ಅವುಗಳಲ್ಲೊಂದನ್ನು ಕಟ್ಟಿಸಿದರು. ಗಾಡಿ ನೆಲಕ್ಕೆ ಸಮನಾಗಿ ನಿಂತಿತು. ಯಾರೂ ಮುಟ್ಟದೆ ಉಳಿದಿದ್ದ ಎರಡು ಗಾಡಿಗಳಲ್ಲಿ ಒಂದನ್ನು ಕಟ್ಟಿದಾಗ ಅದರ ಮೂಗು ಆಕಾಶ ನೋಡಿತು.

"ಹೀಗೇ ಎಳ್ಕೊಂಡು ಹೋದ್ರೆ?"

"ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೆ. ಟೈರು ಕಾಯತ್ತೆ, ಸಿಡಿಯತ್ತೆ," ಎಂದಳು ಮರಿಸೆಲ್.

ಗೇಟಿನ ಬೀಗ ಒಡೆದಿರಲಿಲ್ಲ. ಟ್ಯಾಕೆಟ್ ಪೆಲ್‌ಹ್ಯಾಮ್ ಕಡೆ ತಿರುಗಿದ. "ಕೀಲಿ ಯಾರ ಹತ್ರ ಇತ್ತು?"

ಪೆಲ್‌ಹ್ಯಾಮ್ ತಡವರಿಸಿದ. "ಟ್ವೈಲಾ ಓಡಮ್. ನಮ್ಮ ಮೆಕ್ಯಾನಿಕ್. ಮಾರ್ಚ್‌ನಲ್ಲಿ ಮನೆಗೆ ಕಳಿಸ್ದೆ. ಬಾಯಿ ಜೋರು."

11.40. ಐವತ್ತೆಂಟರ ಟ್ವೈಲಾ ತನ್ನ ಟ್ರೈಲರಿನ ಮುಂದೆ ಕಾಲು ಚಾಚಿ ಕೂತಿದ್ದಳು. ಕೈಗೆ ಮೆತ್ತಿದ ಗ್ರೀಸನ್ನು ತೊಳೆಯುವ ಗೋಜಿಗೇ ಹೋಗಿರಲಿಲ್ಲ.

"ಇಷ್ಟೊತ್ತು ಬೇಕಾಯ್ತಾ ನಿಮಗೆ? ಕಾಫಿ ತಣ್ಣಗಾಯ್ತು," ಎಂದು ಕೀಲಿಯನ್ನು ಮೇಜಿನ ಮೇಲೆ ಎಸೆದಳು.

"ಬೇರೆಯವರ ಗಾಡಿ ಮುಟ್ಟೋದು ಅಪರಾಧ, ಗೊತ್ತಿಲ್ವಾ?"

"ಗೊತ್ತು. ಫೆಬ್ರವರಿಯಲ್ಲಿ ಮುಟ್ಟದೆ ಬಿಟ್ಟೆ ನೋಡಿ, ಅದನ್ನ ಮೊದಲು ಬರ್ಕೊಳ್ಳಿ."

ಫೆಬ್ರವರಿಯಲ್ಲಿ ಲಿಂಡ್‌ಕ್ವಿಸ್ಟ್ ದಂಪತಿ ಪೆಲ್‌ಹ್ಯಾಮ್‌ನಿಂದ ಕೊಂಡ ಗಾಡಿ ಹೀಗೇ ಮೂಗೆತ್ತಿ ಹೊರಟಿತ್ತು. ಒಂದು ಮಧ್ಯಾಹ್ನ ಕೊಡಿ, ಸರಿಮಾಡುತ್ತೇನೆಂದು ಟ್ವೈಲಾ ಗೋಗರೆದಿದ್ದಳು. ಸುಮ್ಮನೆ ಕಳಿಸು ಎಂದಿದ್ದ ಪೆಲ್‌ಹ್ಯಾಮ್. ಮೂರನೆಯ ದಿನ ಇಳಿಜಾರಿನಲ್ಲಿ ಟೈರು ಸಿಡಿದು ಗಾಡಿ ಮಗುಚಿತು. ಹೆಂಡತಿ ಆರ್ಡಿಸ್ ಉಳಿಯಲಿಲ್ಲ. ಆ ಮಾತೆತ್ತಿದ್ದಕ್ಕೇ ಟ್ವೈಲಾಳ ಕೆಲಸ ಹೋಯಿತು.

"ಕೊಂಡಿ ಹಾಕಿದ್ದು ಈ ಕೈಯೇ," ಎಂದಳು. ಅಷ್ಟು ಹೇಳುವಾಗ ಮಾತ್ರ ದನಿ ಇಳಿಯಿತು.

12.25ಕ್ಕೆ ಬಂಧನ. ಠಾಣೆಯಲ್ಲಿ ಟ್ಯಾಕೆಟ್ ಕೇಳಿದ: "ಜಾಮೀನು ಸಿಕ್ಕರೆ ಮತ್ತೆ ಆ ಅಂಗಳಕ್ಕೆ ಕಾಲಿಡಲ್ಲ ಅಂತ ಬರೆದುಕೊಡ್ತೀರಾ?"

"ಇಲ್ಲ. ಇನ್ನೂ ಎರಡು ಬಾಕಿ ಇವೆ."

ಟ್ಯಾಕೆಟ್ ಆ ಮಾತನ್ನೂ ಹೇಳಿಕೆಗೆ ಸೇರಿಸಿ ಸಹಿ ಹಾಕಿಸಿಕೊಂಡ. ಆಮೇಲೆ ಆ ಎರಡು ಗಾಡಿಗಳನ್ನು ಸಾಕ್ಷ್ಯವೆಂದು ಜಪ್ತಿ ಮಾಡಿ, ಪ್ರಕರಣ ಇತ್ಯರ್ಥವಾಗುವವರೆಗೆ ಮಾರಕೂಡದೆಂದು ಪೆಲ್‌ಹ್ಯಾಮ್‌ಗೆ ನೋಟಿಸು ಕಳಿಸಿದ.