ಹೊಗೆ ಕಾಣುವ ಜಾಗ

"ಅಂಗಲ್ಲ ಕಣವ್ವ! ಬರೀ ಕೈ ಅಲ್ಲ, ಸೊಂಟ ತಿರುಗ್ಬೇಕು. ಇಂಗೆ ತುಂಬ್ಕೊ, ಇಂಗೆ ತಿರುಗು, ಬೆಂಕಿ ಬಾಯಿಗೆ ಎಸಿ!"

ಜಗಲಿಯ ಮೇಲೆ ಕುಳಿತೇ ಕೆಂಪಸಿದ್ದಯ್ಯ ತಾತ ಪಾಠ ಹೇಳುತ್ತಿದ್ದ. ಅಂಗಳದಲ್ಲಿ ಶೋಭಿತಾ ರಾಗಿ ಕೇರುವ ಮೊರವನ್ನೇ ಸಲಿಕೆ ಮಾಡಿಕೊಂಡು, ಇಲ್ಲದ ಕಲ್ಲಿದ್ದಲನ್ನು ಇಲ್ಲದ ಬೆಂಕಿಗೆ ಎಸೆಯುತ್ತಿದ್ದಳು.

"ಹೀಗಾ ತಾತ?"

"ಅಂಗೇ! ನೋಡು, ಒಂದೇ ಸಲಕ್ಕೆ ಕಲ್ತ್‌ಬುಟ್ಲು."

ಬಾಗಿಲ ಹಿಂದೆ ತಾತನ ಮೊಮ್ಮಗಳು ಬಿಂದುಶ್ರೀ ನಿಂತಿದ್ದಳು. ಅವಳ ಕೈಯಲ್ಲಿದ್ದ ಕಾಫಿ ಆರುತ್ತಿತ್ತು. ತಾತ ಅಂತೆ ತಾತ! ಯಾರ ತಾತ ಯಾರಿಗೆ ತಾತ?

ಇವತ್ತು ಹನಕೆರೆಯ ಮೇಲೆ ಉಗಿಬಂಡಿ ಬರುವುದಿತ್ತು. ದಿನಾ ಕರೆಂಟಿನ ರೈಲು ಓಡುವ ಹಳಿಯ ಮೇಲೆ ಹಳೇ ಕಾಲದ ಸ್ಟೀಮ್ ಎಂಜಿನ್ನು ಬೆಂಗಳೂರಿನಿಂದ ಮೈಸೂರಿಗೆ ಒಂದು ಸಲ ಸುಮ್ಮನೆ ಸುತ್ತಾಡಿಕೊಂಡು ಹೋಗುತ್ತದಂತೆ. ಅದರ ಫೋಟೋ ಹಿಡಿಯಲೆಂದೇ ಕ್ಯಾಮೆರಾ ಹೊತ್ತು ಊರೂರು ಅಲೆಯುವವರಿದ್ದಾರೆ. ಶೋಭಿತಾಳ ಅಪ್ಪ ಸಿದ್ದರಾಮು ಅವರಲ್ಲೊಬ್ಬರು. ಮಗಳಿಗೂ ಅದೇ ಹುಚ್ಚು. ಹನಕೆರೆಯಲ್ಲಿ ಒಬ್ಬ ಹಳೇ ಫೈರ್‌ಮನ್ ಇದ್ದಾರೆ ಎಂದು ಯಾರೋ ಹೇಳಿದ್ದೇ ತಡ, ಇಬ್ಬರೂ ಬೆಳಗ್ಗೆ ಎಂಟಕ್ಕೇ ಮೈಸೂರಿನಿಂದ ಬಂದಿಳಿದಿದ್ದರು.

ತಾತ ಇಪ್ಪತ್ತೆರಡು ವರ್ಷ ಫೈರ್‌ಮನ್ ಆಗಿದ್ದ. ಡ್ರೈವರಿನ ಪಕ್ಕ ನಿಂತು ಎಂಜಿನ್ನಿನ ಬೆಂಕಿಗೆ ಕಲ್ಲಿದ್ದಲು ಹಾಕುವ ಕೆಲಸ. ಆ ಕತೆಗಳನ್ನು ತಾತ ದಿನಾ ಸಂಜೆ ಶುರುಮಾಡುತ್ತಿದ್ದ. "ಸಾಕು ಬುಡು ತಾತ, ನೂರು ಸಲ ಕೇಳಿವ್ನಿ" ಎಂದು ಬಿಂದು ಟೀವಿ ಸೌಂಡು ಜೋರು ಮಾಡುತ್ತಿದ್ದಳು. ಅದು ಬೇರೆ ವಿಷಯ. ತನಗೆ ಬೇಡದ ಕತೆಯಾದರೇನು, ಬೇರೆಯವರು ಬಂದು ಎತ್ತಿಕೊಂಡು ಹೋಗಬಹುದೇ?

ಶೋಭಿತಾಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ತಾತ ಹೇಳಿದ್ದನ್ನೆಲ್ಲ ಅದರಲ್ಲಿ ಬರೆದುಕೊಳ್ಳುತ್ತಿದ್ದಳು. ತಾತ ತನ್ನ ಹಳೇ ಫೋಟೋವನ್ನೂ ಅವಳ ಕೈಗೇ ಕೊಟ್ಟಿದ್ದ. ಮಸಿ ಮೆತ್ತಿದ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಾಣುವ ಫೋಟೋ ಅದು. ಬಿಂದು ಮುಟ್ಟಿದರೆ "ಕೈ ತೊಳ್ಕೊಂಡ್ಯಾ?" ಎಂದು ಕೇಳುತ್ತಿದ್ದ ತಾತ, ಶೋಭಿತಾಳನ್ನು ಕೇಳಲೇ ಇಲ್ಲ.

"ಎಲ್ಲಿ ನಿಂತ್ರೆ ಹೊಗೆ ಚೆನ್ನಾಗಿ ಸಿಗುತ್ತೆ ಅಜ್ಜ? ಹೊಗೆ ಇಲ್ಲದಿದ್ರೆ ಫೋಟೋಗೆ ಕಳೆನೇ ಇಲ್ಲ" ಎಂದರು ಸಿದ್ದರಾಮು.

"ಏರಲ್ಲಿ ನಿಂತ್ಕೊಬೇಕು ಸ್ವಾಮಿ. ಏರು ಅತ್ತೋವಾಗ ಕಲ್ಲಿದ್ದಲು ಹಾಕ್ತಾರೆ, ಕರ್ರಗೆ ಹೊಗೆ ಏಳ್ತದೆ. ಇಳಿಜಾರಲ್ಲಿ ಸ್ಟೀಮು ಮುಚ್ತಾರೆ, ಏನೂ ಇರಾಕಿಲ್ಲ."

"ಆ ಏರು ಎಲ್ಲಿದೆ?"

ತಾತ ನಕ್ಕ. "ರೈಲಿನ ಏರು ಕಣ್ಣಿಗೆ ಕಾಣಾಕಿಲ್ಲ ಸ್ವಾಮಿ, ಬೆಂಕಿಗೆ ಮಾತ್ರ ಗೊತ್ತಾಯ್ತದೆ. ನನ್ ಮಂಡಿ ನೆಟ್ಟಗಿದ್ರೆ ನಾನೇ ಬತ್ತಿದ್ದೆ. ನಮ್ ಬಿಂದೂಗೆ ಜಾಗ ತೋರ್ಸಿವ್ನಿ, ಕರ್ಕೊಂಡೋಯ್ತಾಳೆ." ಆಮೇಲೆ ಶೋಭಿತಾಳ ಕಡೆ ತಿರುಗಿದ. "ಹೊಗೆ ಕಾಣಂಗೆ ವಿಡಿಯೋ ಮಾಡ್ಕೊಂಡು ಬಂದು ನಂಗೆ ತೋರ್ಸವ್ವ. ಮೂವತ್ತು ವರ್ಸದ ಮೇಲಾಯ್ತು ಅದ ನೋಡಿ."

ನಂಗೆ ತೋರ್ಸವ್ವ! ಮೊಮ್ಮಗಳು ಬಾಗಿಲಲ್ಲೇ ನಿಂತಿದ್ದಾಳೆ, ಅವಳಿಗಲ್ಲ, ಆ ಶೋಭಿತಾಳಿಗೆ. ಬಿಂದುವಿನ ಮೂಗಿನ ತುದಿ ಬಿಸಿಯಾಯಿತು.

ಮೂವರೂ ಹೊರಟರು. ಸ್ಟೇಷನ್ ಹತ್ತಿರ ದಾರಿ ಎರಡಾಗುತ್ತದೆ. ಬಲಕ್ಕೆ ಹೋದರೆ ಮಂಡ್ಯದ ಕಡೆಯ ಬೇವಿನ ಮರ. ತಾತ ಹೇಳಿದ ಏರು ಅದು. ಎಡಕ್ಕೆ ಹೋದರೆ ಮದ್ದೂರಿನ ಕಡೆಯ ನಾಲೆ ಸೇತುವೆ. ಅಲ್ಲಿ ಇಳಿಜಾರು. ಬಿಂದು ಒಂದು ಗಳಿಗೆ ನಿಂತಳು. ಆಮೇಲೆ ಎಡಕ್ಕೆ ತಿರುಗಿದಳು.

"ವಾವ್, ಸೂಪರ್ ಜಾಗ!" ಎಂದಳು ಶೋಭಿತಾ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಆಚೆ ಕಡೆ ಹಸಿರು ಭತ್ತ. ಸಿದ್ದರಾಮು ಹಳಿಯಿಂದ ದೂರ, ಬೇಲಿಯ ಈಚೆಗೆ ಸ್ಟ್ಯಾಂಡ್ ಊರಿ ಕ್ಯಾಮೆರಾ ಕೂರಿಸಿದರು. ಬಿಂದು ಏನೂ ತಿಳಿಯದವಳಂತೆ ಕಲ್ಲಿನ ಮೇಲೆ ಕುಳಿತು ಕಬ್ಬು ಜಗಿದಳು. ಕಬ್ಬು ಯಾಕೋ ಸಪ್ಪೆಯಾಗಿತ್ತು.

"ನಿಂಗೆ ಎಷ್ಟು ಲಕ್ಕು ಗೊತ್ತಾ" ಎಂದಳು ಶೋಭಿತಾ. "ನಮ್ಮ ತಾತ ನಾನು ಹುಟ್ಟೋಕೆ ಮುಂಚೇನೇ ಹೋಗ್ಬಿಟ್ರು."

ಬಿಂದುವಿಗೆ ಈಗಲೂ ಟೈಮಿದೆ, ಓಡಿದರೆ ಬೇವಿನ ಮರ ಸಿಗುತ್ತದೆ ಎನ್ನಿಸಿತು. ಎದ್ದು ನಿಂತಳು ಕೂಡ. ಅಷ್ಟರಲ್ಲಿ ದೂರದಿಂದ ಸಿಳ್ಳೆ ಕೇಳಿಸಿತು.

ಎಂಜಿನ್ನು ಬಂತು. ಕರ್ರಗೆ ಮಿರಿಮಿರಿ ಹೊಳೆಯುತ್ತಿತ್ತು. ಆದರೆ ಹೊಗೆಯೂ ಇಲ್ಲ, ಅಬ್ಬರವೂ ಇಲ್ಲ. ಯಾರೋ ಹಿಂದಿನಿಂದ ತಳ್ಳಿ ಬಿಟ್ಟಂತೆ ಸದ್ದಿಲ್ಲದೆ ಸೇತುವೆ ದಾಟಿ ಹೋಯಿತು. ಸಿದ್ದರಾಮು ಕ್ಯಾಮೆರಾದಿಂದ ಮುಖ ಎತ್ತಿದರು.

ಸ್ವಲ್ಪ ಹೊತ್ತಿಗೆ ಸ್ಟೇಷನ್ನಿನ ಆಚೆಯಿಂದ ಸದ್ದು ಕೇಳಿಸಿತು. ಭುಸ್, ಭುಸ್, ಭುಸ್! ಬೇವಿನ ಮರದ ಮೇಲೆ ಹೊಗೆ ದಪ್ಪಗೆ ಎದ್ದು ಆಕಾಶಕ್ಕೆ ಏರಿತು.

"ಅಪ್ಪಾ, ಹೊಗೆ ಅಲ್ಲಿ! ಅಲ್ಲಿ ನೋಡಿ!" ಶೋಭಿತಾ ಫೋನು ಹಿಡಿದು ಓಡಿದಳು. ಹತ್ತು ಹೆಜ್ಜೆ ಓಡಿ ನಿಂತಳು. ಅವಳಿಗೂ ಗೊತ್ತಾಯಿತು, ಇನ್ನು ಸಿಗುವುದಿಲ್ಲ ಎಂದು.

ಹಿಂದಿರುಗುವಾಗ ಸಿದ್ದರಾಮು ಮಗಳ ಹೆಗಲ ಮೇಲೆ ಕೈ ಹಾಕಿದರು. "ಅಳಬೇಡ ಪುಟ್ಟಿ. ಅಜ್ಜನಿಗೆ ವಯಸ್ಸಾಗಿದೆ, ಪಾಪ, ಮರೆತುಹೋಗಿರುತ್ತೆ."

ಆ ಮಾತು ಬಿಂದುವಿಗೆ ಚುರುಕ್ ಎಂದಿತು. ನಮ್ಮ ತಾತನಿಗೆ ಮರೆವೇ?

ಮನೆಯಲ್ಲಿ ತಾತ ಕೋಲು ಊರಿಕೊಂಡು ಬಾಗಿಲಿಗೇ ಬಂದು ನಿಂತಿದ್ದ. "ಕೇಳುಸ್ತು ಕಣವ್ವ! ಏರಲ್ಲಿ ಏನ್ ಎಳೀತು ಅಂತೀಯಾ! ಬಾ ಬಾ, ಹೊಗೆ ತೋರ್ಸು."

ಶೋಭಿತಾ ವಿಡಿಯೋ ಹಾಕಿ ಫೋನು ಹಿಡಿದಳು. ತಾತ ನೋಡಿದ. "ಇನ್ನೊಂದ್ ಸಲ ಆಕವ್ವ" ಎಂದ. ಎರಡನೇ ಸಲ ಅವನು ನೋಡಿದ್ದು ಎಂಜಿನ್ನನ್ನಲ್ಲ, ಸೇತುವೆಯನ್ನು. ಆಮೇಲೆ ತಲೆ ಎತ್ತಿ ಬಿಂದುವನ್ನು ನೋಡಿದ. ಬಿಂದು ನೆಲ ನೋಡಿದಳು.

"ನಂದೇ ತಪ್ಪು ಕಣವ್ವ" ಎಂದ ತಾತ. "ಏರು ಯಾವ ಕಡೆ ಅಂತ ಮರ್ತೋಗಿ ನಮ್ ಮಗಿಗೆ ನಾಲೆ ಜಾಗ ತೋರ್ಸ್‌ಬುಟ್ಟಿದ್ದೆ. ವಯಸ್ಸಾಯ್ತು ನೋಡು, ತಲೆ ಓಡಾಕಿಲ್ಲ."

ಕನ್ನಡಕ ಎಲ್ಲಿಟ್ಟೆ ಮರೆತೆಯಾ ಎಂದು ಅಜ್ಜಿ ಕೇಳಿದರೂ ಜಗಳಕ್ಕೆ ನಿಲ್ಲುವ ತಾತ. ಬೆಂಗಳೂರಿನಿಂದ ಮೈಸೂರಿನವರೆಗೆ ಒಂದೊಂದು ಸಿಗ್ನಲ್ಲನ್ನೂ ಬೆರಳು ಮಡಚಿ ಹೇಳುವ ತಾತ. ಅವನು ಹೊಸಬರ ಎದುರು ತಲೆ ಓಡುವುದಿಲ್ಲ ಎನ್ನುತ್ತಿದ್ದ. ಬಿಂದುವಿಗೆ ತಡೆಯಲಾಗಲಿಲ್ಲ.

"ತಾತ ಏನೂ ಮರ್ತಿಲ್ಲ! ತಾತ ಹೇಳಿದ್ದು ಬೇವಿನ ಮರ. ನಾನೇ ಬೇಕೂಂತ ನಾಲೆ ತಾವ್ಕೆ ಕರ್ಕೊಂಡೋದೆ."

"ಯಾಕೆ?" ಶೋಭಿತಾಳ ಕಣ್ಣು ಕೆಂಪಾಗಿತ್ತು.

"ನೀನು ನಮ್ ತಾತನ್ನ ತಾತ ತಾತ ಅಂತಿದ್ದೆ. ಅದುಕ್ಕೆ."

ಮನಸ್ಸಿನೊಳಗೆ ಅಷ್ಟು ದೊಡ್ಡದಾಗಿದ್ದ ಕಾರಣ, ಬಾಯಿಂದ ಆಚೆ ಬಂದ ಮೇಲೆ ಇಷ್ಟೇ ಇತ್ತು.

"ನೀನು ತುಂಬಾ ಕೆಟ್ಟವಳು" ಎಂದಳು ಶೋಭಿತಾ.

ಸಿದ್ದರಾಮು ಗಡಿಯಾರ ನೋಡಿದರು. "ಎಂಜಿನ್ ಮಂಡ್ಯದಲ್ಲಿ ಅರ್ಧ ಗಂಟೆ ನಿಲ್ಲುತ್ತೆ, ನೀರು ತುಂಬಿಸ್ಕೊಳ್ಳೋಕೆ. ಈಗ್ಲೇ ಹೊರಟ್ರೆ ಮುಂದೆ ಹಿಡೀಬಹುದು. ಮಂಡ್ಯ ದಾಟಿದ ಮೇಲೆ ಏರು ಎಲ್ಲಿದೆ ಅಜ್ಜ?"

ತಾತ ಬಾಯಿ ತೆರೆದವನು ಬಿಂದುವನ್ನು ನೋಡಿದ. "ಬಿಂದು, ನೀನೇ ಹೇಳು" ಎಂದ.

ಎಲ್ಲರೂ ಅವಳ ಕಡೆ ತಿರುಗಿದರು.

"ಯಲಿಯೂರು ಸ್ಟೇಷನ್ ದಾಟ್‌ಬೇಕು. ಆಮೇಲೆ ಎಡಗಡೆ ಒಂದು ಕಲ್ಲುಗುಡ್ಡ ಸಿಗ್ತದೆ. ಗುಡ್ಡ ಕಾಣ್ತಿದ್ದಂಗೇ ಆರು ಸಲಿಕೆ ಹಾಕ್ಬೇಕು, ಎಡಕ್ಕೆ ಮೂರು, ಬಲಕ್ಕೆ ಮೂರು. ಮಧ್ಯಕ್ಕೆ ಹಾಕಿದ್ರೆ ಬೆಂಕಿ ಸತ್ತೋಯ್ತದೆ. ಹೊಗೆ ಗುಡ್ಡದ ಪಕ್ಕದಲ್ಲೇ ಏಳೋದು."

ಶೋಭಿತಾಳಿಗೆ ನಂಬಿಕೆ ಬರಲಿಲ್ಲ. ತಾತನ ಮುಖ ನೋಡಿದಳು.

"ಸರಿಯಾಗೇ ಹೇಳವ್ಳೆ" ಎಂದ ತಾತ. ಅವನ ದನಿ ಯಾಕೋ ಸಣ್ಣಗಾಗಿತ್ತು.

ಶೋಭಿತಾ ತಾತನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಿಂದುವಿನ ಕಡೆ ನೋಡದೆ ಕಾರು ಹತ್ತಿದಳು. ಕಾರು ಊರಬಾಗಿಲು ದಾಟಿ ಮರೆಯಾಯಿತು.

ತಾತ ಬಯ್ಯುತ್ತಾನೆ ಎಂದು ಬಿಂದು ಕಾದಳು. ತಾತ ಬಯ್ಯಲಿಲ್ಲ. ಮೆಲ್ಲಗೆ ಬಂದು ಜಗಲಿಯ ಮೇಲೆ ಕುಳಿತು, ಕೋಲನ್ನು ಗೋಡೆಗೆ ಒರಗಿಸಿದ.

"ಎಡಕ್ಕೆ ಮೂರು, ಬಲಕ್ಕೆ ಮೂರು" ಎಂದ. "ಇದ್ನೆಲ್ಲ ನೀನು ಯಾವಾಗ್ ಕೇಳುಸ್ಕೊಂಡೆ ಮಗ?"

"ದಿನಾ ಹೇಳ್ತಿಯಲ್ಲ ತಾತ. ಟೀವಿ ನೋಡ್ತಿದ್ರೆ ಕಿವಿ ಮುಚ್ಕೊಂಡಿರ್ತೀನಾ?"

ತಾತ ಟವೆಲಿನಿಂದ ಮುಖ ಒರೆಸಿಕೊಂಡ.

"ನಾನು ಗೋಡೆಗೆ ಹೇಳ್ತಾವ್ನಿ ಅಂದ್ಕೊಂಡಿದ್ದೆ ಕಣ್ ಮಗ."

ಬಿಂದುವಿಗೆ ಅಳು ಬಂತು. ಇಷ್ಟು ದಿನ ದಿನಾ ಸಂಜೆ, ಗೋಡೆಗೆ ಎಂದುಕೊಂಡೇ ತಾತ ಹೇಳುತ್ತಿದ್ದ. ಆದರೂ ಒಂದು ದಿನವೂ ಬಿಟ್ಟಿರಲಿಲ್ಲ. ಅವಳು ತಾತನ ಪಕ್ಕದಲ್ಲಿ ಹೋಗಿ ಕುಳಿತಳು. ಒಳಗೆ ಟೀವಿ ತನ್ನ ಪಾಡಿಗೆ ಓಡುತ್ತಿತ್ತು.