ಸಾಹೇಬರು ಬರುವ ತನಕ

"ನಮ್ಮವ್ವ ಸೂಜಿ ಚುಚ್ಚಿ ಒಬ್ಬ ಮುದುಕನ್ನ ಕೊಂದಾಳಂತ್ರಿ. ಬಾಯಿ ಬಿಡಬೇ ಅಂದ್ರ ಬಿಡವಲ್ಲಳು," ಎನ್ನುತ್ತ ಮಂಜುಳಾ ಹೊಸ್ತಿಲಲ್ಲೇ ಕುಸಿದು ಕೂತಳು.

ನ್ಯಾಯವಿಜ್ಞಾನ ಪ್ರಯೋಗಾಲಯದಿಂದ ನಿವೃತ್ತರಾಗಿ ಮೌನೇಶ್ವರಿ ರಾಯಚೂರಿಗೆ ಮರಳಿದ ಮೇಲೆ ಇಂಥ ಅಳು ಅವರ ಪಡಸಾಲೆಗೆ ಹೊಸದಾಗಿರಲಿಲ್ಲ. ಅಕ್ಕಿ ಗಿರಣಿಯ ಕೆಲಸ ಬಿಟ್ಟು ಅವರ ಕಾರು ನಡೆಸುತ್ತಿದ್ದ ಹುಲಿಗೇಶ ನೀರಿನ ಚೊಂಬು ತಂದುಕೊಟ್ಟ.

ಮಂಜುಳಾಳ ತಾಯಿ ಕರೆಮ್ಮ ದೇವದುರ್ಗದ ಒಂದು ವೃದ್ಧಾಶ್ರಮದಲ್ಲಿ ಆಯಾ. ಆಶ್ರಮ ನಡೆಯುವುದು ಸರ್ಕಾರದ ಅನುದಾನದಿಂದ. ಹಿಂದಿನ ದಿನ ಅಲ್ಲಿ ತಪಾಸಣೆಯಿತ್ತು. ಅಧಿಕಾರಿಗಳು ಹೋದ ಮೇಲೆ ನೋಡಿದರೆ, ಸಕ್ಕರೆ ಕಾಯಿಲೆಯ ಯಂಕೋಬ ಮಂಚದ ಮೇಲೆ ಕೂತಲ್ಲೇ ಸತ್ತಿದ್ದ. ನರ್ಸ್ ಇಲ್ಲದ ದಿನ ಇನ್ಸುಲಿನ್ ಕೊಡುವವಳು ಕರೆಮ್ಮ. ಅವಳೇ ಎರಡು ಸಲ ಚುಚ್ಚಿ, ಹೆದರಿ ಓಡಿಹೋದಳೆಂದು ವ್ಯವಸ್ಥಾಪಕ ಕೃಷ್ಣ ದೂರು ಕೊಟ್ಟಿದ್ದ. ತಪಾಸಣೆಯ ಹೊತ್ತಿನಲ್ಲಿ ಅವಳನ್ನು ಯಾರೂ ಕಂಡಿರಲಿಲ್ಲ.

ಠಾಣೆಯಲ್ಲಿ ಕರೆಮ್ಮ ಗೋಡೆಗೊರಗಿ ಕೂತಿದ್ದಳು. ಅರವತ್ತು ದಾಟಿದ ಜೀವ. ಹುಲಿಗೇಶನ ಕಣ್ಣು ಅವಳ ಕೈಗಳ ಮೇಲೆ ನಿಂತಿತು: ಫಿನಾಯಿಲು, ಸೋಪಿನ ನೀರು ತಿಂದು ಬೆರಳ ತುದಿಗಳು ಸುಣ್ಣ ಹಚ್ಚಿದಂತೆ ಬೆಳ್ಳಗಾಗಿ ಸುಲಿದಿದ್ದವು.

"ಆವಾಗ ಎಲ್ಲಿದ್ದಿರಿ ಯವ್ವಾ?" ಮೌನೇಶ್ವರಿ ಕೇಳಿದರು.

"ನಾನ ಕೊಂದೀನಿ ಅಂತ ಬರಕೋರಿ. ಆಶ್ರಮದ ಬಾಗಲಾ ಮಾತ್ರ ಮುಚ್ಚಬ್ಯಾಡ್ರಿ."

ಸಬ್ ಇನ್‌ಸ್ಪೆಕ್ಟರ್ ಮರಣೋತ್ತರ ಪರೀಕ್ಷೆಯ ಮಾತು ಹೇಳಿದರು. ಹೊಟ್ಟೆಯ ಮೇಲೆ ಹೊಸದಾಗಿ ಒಂದೇ ಸೂಜಿಯ ಗುರುತು. ಹೊಟ್ಟೆಯೊಳಗೆ ಅನ್ನದ ಅಗುಳೂ ಇಲ್ಲ.

ಆಶ್ರಮದಲ್ಲಿ ಕೃಷ್ಣ ಕೈಮುಗಿದು ಬರಮಾಡಿಕೊಂಡ. ಒಳಗಿನಿಂದ ಅವನ ಹೆಂಡತಿ ಲಲಿತಾ, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ, ಚಹಾ ತಂದಳು. ನಿನ್ನೆ ತಾನು ರಾಯಚೂರಿನ ತವರಲ್ಲಿದ್ದೆ ಎಂದಳು. ಕೃಷ್ಣ ಫೋನಿನಲ್ಲಿದ್ದ ತಪಾಸಣೆಯ ಫೋಟೋ ತೋರಿಸಿದ. ಸಾಹೇಬರು ಬಾಳೆಹಣ್ಣು ಹಂಚುತ್ತಿದ್ದರು. ಪಕ್ಕದಲ್ಲಿ ಮಾಸ್ಕ್ ಹಾಕಿದ ನರ್ಸ್. ಬಿಳಿ ಕೋಟಿನ ತೋಳು ಮೊಣಕೈಯಿಂದ ತುಸುವೇ ಕೆಳಗಿಳಿದಿತ್ತು. ಕೊನೆಯ ಮಂಚದಲ್ಲಿ ತಲೆತುಂಬ ಹೊದ್ದವರೊಬ್ಬರ ಕೈ ಹಣ್ಣಿಗೆ ಚಾಚಿತ್ತು. ಮೌನೇಶ್ವರಿ ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

ಯಂಕೋಬನ ಪಕ್ಕದ ಮಂಚ ಗೋಪಮ್ಮನದು. ಆಕೆಗೂ ಸಕ್ಕರೆ ಕಾಯಿಲೆ. ಕಣ್ಣು ಮಂಜು, ನಾಲಿಗೆ ಚುರುಕು.

"ನಿಮಗೂ ನಿನ್ನೆ ಸೂಜಿ ಹಾಕಿದ್ರೇನ್ರಿ?"

"ಹಾಕಿದ್ಲು. 'ಯಂಕೋಬ ಯಾರು, ಗೋಪಮ್ಮ ಯಾರು' ಅಂತ ಕೇಳಿ ಕೇಳಿ ಚುಚ್ಚಿದ್ಲು. ಹಿಟ್ಟು ಚಿವುಟಿದಂಗ ಚಿವುಟಿದ್ಲು ಮೂಳಿ! ಆಮ್ಯಾಲ ಕೈಕಾಲು ನಡುಗಿದ್ವು. ಸೆರಗಿನ್ಯಾಗ ಬೆಲ್ಲ ಕಟ್ಟಿಕೊಂಡಿದ್ದೆ, ತಿಂದೆ. ಡಾಕ್ಟರಿಗೆ ಹೇಳಬ್ಯಾಡ್ರಿ ಮತ್ತ."

"ಹೇಳಂಗಿಲ್ಲ. ಆ ಬೆಲ್ಲಾನೇ ನಿಮ್ಮನ್ನ ಉಳಿಸ್ಯಾದ," ಎಂದರು ಮೌನೇಶ್ವರಿ. ಅವರು ನಗಲಿಲ್ಲವೆಂಬುದನ್ನು ಹುಲಿಗೇಶ ಗಮನಿಸಿದ.

ಆಮೇಲೆ ಅವರು ಮಾನ್ವಿಗೆ ಫೋನು ಹಚ್ಚಿದರು. ಅಲ್ಲಿಯೂ ಇದೇ ಸಂಸ್ಥೆಯ ಆಶ್ರಮವಿತ್ತು. ಎರಡಕ್ಕೂ ದುರ್ಗಾ ಒಬ್ಬಳೇ ನರ್ಸ್. ನಿನ್ನೆ ಅಲ್ಲಿಯೂ ತಪಾಸಣೆ, ತಾನು ಇಡೀ ದಿನ ಮಾನ್ವಿ ಬಿಟ್ಟು ಕದಲಿಲ್ಲ ಎಂದಳು ದುರ್ಗಾ.

ಸಂಜೆ ಎಲ್ಲರೂ ಹಾಲಿನಲ್ಲಿ ಸೇರಿದರು. ಸಬ್ ಇನ್‌ಸ್ಪೆಕ್ಟರ್ ಕರೆಮ್ಮನನ್ನೂ ಕರೆತಂದಿದ್ದರು. ಮುದುಕರು ಮಂಚಗಳಲ್ಲೇ ಎದ್ದು ಕೂತರು.

"ಯಂಕೋಬನಿಗೆ ಔಷಧ ಹೆಚ್ಚಾಗಿಲ್ಲ," ಮೌನೇಶ್ವರಿ ಶುರುಮಾಡಿದರು. "ಇನ್ಸುಲಿನ್ ಹಾಕಿದ ಮ್ಯಾಲ ಉಣ್ಣಬೇಕು. ಉಣ್ಣದಿದ್ರ ರಕ್ತದಾಗಿನ ಸಕ್ಕರಿ ಇಳೀತಾ ಹೋಗ್ತದ. ಬೆವರು, ನಡುಕ, ಆಮ್ಯಾಲ ಸಾವು. ಇಬ್ಬರಿಗೂ ಒಬ್ಬಾಕೀನೇ ಸೂಜಿ ಹಾಕಿದ್ಲು. ಬೆಲ್ಲ ತಿಂದಾಕಿ ಉಳಿದ್ಲು, ಇಲ್ಲದಾಂವ ಸತ್ತ. ಕುಲ್ಸುಮ್, ಊಟ ಯಾಕ ಬಡಿಸಲಿಲ್ಲ?"

ಅಡುಗೆಯವಳು ಉಮ್ಮೇ ಕುಲ್ಸುಮ್ ಸೆರಗು ಬಾಯಿಗೊತ್ತಿದಳು. "ಬಿಸಿ ಊಟ ಬಡಿಸೋ ಫೋಟೋ ಬೇಕಾಗ್ಯದ, ಸಾಹೇಬ್ರು ಬರೋತನಕ ಯಾರಿಗೂ ತುತ್ತು ಹಾಕಬ್ಯಾಡ ಅಂದ್ರು ಕೃಷ್ಣಪ್ಪನೋರು. ಮುಂಜಾನಿ ಬರೋರು, ಹೊತ್ತು ಇಳಿದ ಮ್ಯಾಲ ಬಂದ್ರು."

"ಸೂಜಿ ಹಾಕಿದಾಕಿ ಕರೆಮ್ಮ ಅಲ್ಲ. ದಿನಾ ಮೈ ತೊಳೆಸೋರ ಹೆಸರು ಆಕಿ ಕೇಳಂಗಿಲ್ಲ. ದುರ್ಗಾ ಮಾನ್ವಿಯೊಳಗಿದ್ಲು. ಆದ್ರೂ ಫೋಟೋದಾಗ ಒಬ್ಬ ನರ್ಸ್ ಇದ್ದಾಳ! ನರ್ಸಿಲ್ಲ ಅಂದ್ರ ಅನುದಾನ ನಿಲ್ತದ. ಹಂಗಾಗಿ ದುರ್ಗಾನ ಕೋಟು ಎತ್ತರದಾಕಿ ಒಬ್ಬಾಕಿ ಹಾಕಿಕೊಂಡ್ಲು, ಅದಕ್ಕ ತೋಳು ಮೊಣಕೈ ಹತ್ರನೇ ನಿಂತದ. ಕುಲ್ಸುಮ್ ನನ್ನ ಭುಜಕ್ಕೂ ಬರಂಗಿಲ್ಲ. ಉಳಿದಾಕಿ ಯಾರು, ಲಲಿತಾ?"

ಲಲಿತಾ ಗಂಡನತ್ತ ನೋಡಿದಳು. "ದುರ್ಗಾ ಹಾಕೋದು ನೋಡಿದ್ದೆ... ಉಣ್ಣಬೇಕಂತ ನನಗ ಗೊತ್ತಿದ್ದಿಲ್ರಿ."

"ಹಂಗಾದ್ರ ಕರೆಮ್ಮ ಎಲ್ಲಿದ್ಲು?" ಸಬ್ ಇನ್‌ಸ್ಪೆಕ್ಟರ್ ಕೇಳಿದರು.

"ಇದೇ ಹಾಲಿನ್ಯಾಗ. ಅನುದಾನದ ಲೆಕ್ಕಕ್ಕ ಮುದುಕರ ಸಂಖ್ಯೆ ಕಡಿಮಿ ಬಿತ್ತು. ಆಯಾನ್ನೇ ಮುಂಜಾನಿಂದ ಹೊದಿಸಿ ಕೊನೀ ಮಂಚದಾಗ ಮಲಗಿಸಿದ್ರು, ಅದಕ್ಕ ಸೂಜಿ ಲಲಿತಾನ ಕೈಗೆ ಹೋತು. ಫೋಟೋದಾಗಿನ ಆ ಕೈ ನೋಡ್ರಿ, ಈಕಿ ಕೈ ನೋಡ್ರಿ."

ಹುಲಿಗೇಶ ಎರಡನ್ನೂ ನೋಡಿದ. ಅವೇ ಬಿಳಿಚಿದ, ಸುಲಿದ ಬೆರಳುಗಳು.

ಕರೆಮ್ಮನ ಬಾಯಿ ಆಗ ತೆರೆಯಿತು. "ಯಂಕೋಬ ಬೆವರಾಕತ್ತಿದ್ದ. ಯಪ್ಪಾ, ಅವಗ ಒಂದು ಚಮಚಾ ಸಕ್ಕರಿ ಹಾಕ್ರಿ ಅಂದೆ. 'ಸುಮ್ನ ಬಿದ್ಕೋ ಬೇ, ಗಾಡಿ ಬಂತು' ಅಂದ್ರು ಕೃಷ್ಣಪ್ಪನೋರು. ಬಿದ್ಕೊಂಡೆ. ಸಾಹೇಬ್ರು ಅವನ ಮಡಲಾಗ ಹಣ್ಣು ಇಟ್ಟಾಗ ತಲಿ ಎದಿಮ್ಯಾಲ ಬಿದ್ದಿತ್ತು. ನಿದ್ದಿ ಅಂದ್ರು ಎಲ್ಲರೂ. ನಾ ಎದ್ದು ಹೋಗಿದ್ರ ಉಳೀತಿದ್ದ. ನಾನ ಕೊಂದೀನಲ್ಲ ಮತ್ತ?"

"ಅನುದಾನ ಬಂದು ವರ್ಷಾತು!" ಕೃಷ್ಣ ಕಿರುಚಿದ. "ಸಂಬಳಿಲ್ಲದ ಎಲ್ಲರೂ ಬಿಟ್ಟುಹೋದ್ರು. ಮಂದಿ ಇದ್ದಾರಂತ ತೋರಿಸಿದ್ರ ರೊಕ್ಕ, ರೊಕ್ಕ ಬಂದ್ರ ಮಂದಿ. ನಾ ಏನ್ ಮಾಡ್ಲಿ?"

"ಆ ಸುಳ್ಳು ನಿನ್ನೊಬ್ಬನದಲ್ಲ, ಅದು ನನಗೂ ಗೊತ್ತದ," ಎಂದರು ಮೌನೇಶ್ವರಿ. "ಆದ್ರ ಬೆವರತಾನ ಅಂತ ನಿನಗ ಹೇಳಿದ್ರು. ಸತ್ತ ಮ್ಯಾಲ ಹಂಗ ಹೇಳಿದಾಕಿ ತಲಿಮ್ಯಾಲನೇ ಆ ಸಾವು ಹೊರಿಸಿದಿ."

ಕೃಷ್ಣನನ್ನೂ ಲಲಿತಾಳನ್ನೂ ಜೀಪಿನಲ್ಲಿ ಕೂರಿಸಿದರು. ಕರೆಮ್ಮ ಮನೆಗೆ ಹೋಗಬಹುದು ಎಂದರು ಸಬ್ ಇನ್‌ಸ್ಪೆಕ್ಟರ್. ಆಶ್ರಮಕ್ಕೆ ನಾಳೆ ಬೀಗ ಬೀಳುತ್ತದೆ ಎಂದೂ ಸೇರಿಸಿದರು. ಮಂಜುಳಾ ತಾಯಿಯ ತೋಳು ಹಿಡಿದಳು. "ನಡೀ ಬೇ, ಮನಿಗೆ."

ಕರೆಮ್ಮ ಅಲುಗಲಿಲ್ಲ. ಮೌನೇಶ್ವರಿಯ ಕಡೆ ತಿರುಗಿದಳು. "ನನಗ ಮನಿ ಅದರಿ. ಇವರು ನಾಳೆ ಎಲ್ಲಿ ಮಲಗಬೇಕು?"

ಮಂಚದಲ್ಲಿ ಕೂತಲ್ಲೇ ಗೋಪಮ್ಮನ ಸೀರೆ ಒದ್ದೆಯಾಗಿತ್ತು. ಕರೆಮ್ಮ ಮಗಳ ಕೈ ಬಿಡಿಸಿಕೊಂಡು, ಸೆರಗು ಸಿಕ್ಕಿಸಿ, ಬಚ್ಚಲಿನತ್ತ ನಡೆದಳು.

"ಯಾರರ ಒಂದು ಬಕೀಟು ಬಿಸಿನೀರು ಎತ್ತಿಕೊಡ್ರಿ," ಎಂದಳು.

ಹುಲಿಗೇಶ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ.