ಬೀಗಕ್ಕೆ ತುಂಬಿದ ಬೆಳ್ಳಿ

"ಟಾರ್ಚ್ ಆರಿಸೋ ಕತ್ತೆ!"

ಅಕ್ಕ ನನ್ನ ಕೈಮೇಲೆ ಬಾರಿಸಿದಳು. ಮೊಬೈಲ್ ಕೆಳಗೆ ಬಿತ್ತು.

"ಬಿಳಿ ಬೆಳಕು ಬಿದ್ದರೆ ಪೇಸ್ಟ್ ಗಟ್ಟಿಯಾಗುತ್ತೆ."

ಬಾಗಿಲಾಚೆ ಅವಳ ಪಾರ್ಟ್‌ನರ್ ಮಚ್ಚು ಹಿಡಿದು ನಿಂತಿದ್ದಾನೆ. ಇವಳಿಗೆ ಪೇಸ್ಟ್ ಚಿಂತೆ!

ನಗಬೇಡಿ ಸಾರ್. ಎಂಥೆಂಥಾ ರೌಡಿಗಳನ್ನು ನೋಡಿದವನು ನಾನು. ಕಾವಲಿಗೆಂದು ನನ್ನನ್ನು ತನ್ನ ಲ್ಯಾಬಿಗೆ ಕರೆಸಿಕೊಂಡವಳು ಅಕ್ಕ. ಅವತ್ತು ಮಾತ್ರ ಕಾಯಬೇಕಾದವನೇ ಮೇಜಿನಡಿ ಜಾಗ ಹುಡುಕುತ್ತಿದ್ದೆ.

ಅಕ್ಕ ಹಲ್ಲಿನ ಡಾಕ್ಟರ್. ಹುಳುಕು ಹಲ್ಲಿಗೆ ತುಂಬುವ ಪೇಸ್ಟ್ ತಯಾರಿಸುತ್ತಾಳೆ. ನೀಲಿ ಲೈಟ್ ಹಿಡಿದರೆ ಗಟ್ಟಿಯಾಗುವಂಥದ್ದು; ಬಿಳಿ ಬೆಳಕಲ್ಲೂ ಆ ನೀಲಿ ಇರುತ್ತಂತೆ. ಮಾಮೂಲಿ ಪೇಸ್ಟ್ ಮೇಲೆ ಕಲ್ಲು, ತಳದಲ್ಲಿ ಗಂಜಿ. ಅಕ್ಕ ಅದಕ್ಕೆ ಬೆಳ್ಳಿಯ ನ್ಯಾನೋ ಕಣ ಬೆರೆಸಿದ್ದಳು... ಕಣ್ಣಿಗೆ ಕಾಣದಷ್ಟು ಸಣ್ಣವು. ಇದು ತಳದವರೆಗೂ ಗಟ್ಟಿಯಾಗುತ್ತೆ ಅನ್ನೋದು ಅವಳ ವಾದ. ಉಳಿದಿದ್ದು ಒಂದೇ ಸಿರಿಂಜ್. ಅದನ್ನು ಕದ್ದು ತನ್ನದೇ ಅಂತ ಮಾರಿಕೊಳ್ಳಲು ಬಂದಿದ್ದ ಪಾರ್ಟ್‌ನರ್. ಸಾಕ್ಷಿಗಳನ್ನು ಉಳಿಸುವ ಪೈಕಿ ಅಲ್ಲ.

ಕಬ್ಬಿಣದ ಬಾಗಿಲು. ಚಿಲಕ ಇಲ್ಲ, ಬಾಗಿಲೊಳಗೇ ಕೂರಿಸಿದ ಬೀಗ, ಕೀ ಕಿಂಡಿ ಎರಡೂ ಕಡೆ. ಒಳಗಿನಿಂದ ಬೀಗ ಹಾಕಿಕೊಂಡಿದ್ದೆವು. ಇನ್ನೊಂದು ಕೀ ಅವನ ಹತ್ತಿರವೇ ಇತ್ತು!

"ಸಿರಿಂಜ್ ಕೊಟ್ಟುಬಿಡಿ ಡಾಕ್ಟ್ರೇ. ನಿಮ್ಮ ತಮ್ಮನ್ನ ಏನೂ ಮಾಡಲ್ಲ."

ಕೀ ಗೊಂಚಲು ಝಣ್ ಎಂದಿತು.

"ಪೊಲೀಸರು ಎಲ್ಲೋ?" ಅಕ್ಕ ಪಿಸುಗುಟ್ಟಿದಳು.

"ಹೊರಟಿದ್ದಾರಂತೆ."

ಕಿತ್ತಳೆ ಬಣ್ಣದ ಮಂದ ದೀಪದಲ್ಲಿ ಅಕ್ಕ ಆ ಸಿರಿಂಜನ್ನೇ ನೋಡಿದಳು. ವರ್ಷಗಟ್ಟಲೆ ನಿದ್ದೆಗೆಟ್ಟು ಮಾಡಿದ್ದು. ಕಣ್ಣಲ್ಲಿ ನೀರಿತ್ತು. ಆಮೇಲೆ ಅದರ ಮೂತಿಯನ್ನು ಬೀಗದ ಕಿಂಡಿಗೆ ತೂರಿಸಿ ಪೂರ್ತಿ ಹಿಂಡಿಬಿಟ್ಟಳು.

"ಅಕ್ಕಾ... ಇದು ಗಟ್ಟಿಯಾಗುತ್ತಾ?"

"ಹಲ್ಲಲ್ಲಿ ಆಗುತ್ತೆ. ಬೀಗದಲ್ಲಿ ಯಾರು ನೋಡಿದ್ದಾರೆ?"

ಆಚೆಯಿಂದ ಕೀ ಒಳಗೆ ಬಂತು. ಪೇಸ್ಟ್ ಈಚೆಗೆ ಉಬ್ಬಿತು. ಅಕ್ಕ ನೀಲಿ ಲೈಟ್ ಒತ್ತಿ ಹಿಡಿದಳು.

ಕೀ ತಿರುಗಿತು... ಇನ್ನೂ ಸ್ವಲ್ಪ ತಿರುಗಿತು...

ನಾನು ಮೇಜಿನಡಿ ತೂರಿಕೊಂಡೆ.

ನಿಂತಿತು.

ಅವನು ತಿರುಚಿದ. ಎಳೆದ. ಬಾಗಿಲಿಗೆ ಒದ್ದ. ಕೀ ಆಚೆಗೂ ಬರಲಿಲ್ಲ, ಈಚೆಗೂ ಬರಲಿಲ್ಲ.

"ಏನ್ ಮಾಡಿದ್ರಿ ಡಾಕ್ಟ್ರೇ?" ಅವನು ಆಚೆಯಿಂದ ಕಿರುಚಿದ.

"ಫಿಲ್ಲಿಂಗ್," ಅಂದಳು ಅಕ್ಕ.

ದೂರದಲ್ಲಿ ಸೈರನ್. ಅವನು ಮೆಟ್ಟಿಲಿಳಿದು ಓಡಿದ. ಓಡಿ ಏನು ಪ್ರಯೋಜನ? ಕಾರಿನ ಕೀಯೂ ಅದೇ ಗೊಂಚಲಲ್ಲಿ ನೇತಾಡುತ್ತಿತ್ತು. ಕಾರಿನ ಗಾಜು ಒಡೆಯುತ್ತಿದ್ದಾಗಲೇ ಪೊಲೀಸರು ಕೊರಳಪಟ್ಟಿ ಹಿಡಿದರು.

ನಮ್ಮನ್ನು ಹೊರಗೆ ತರಲು ಬಾಗಿಲನ್ನೇ ಕೊಯ್ಯಬೇಕಾಯಿತು. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಅಕ್ಕ ಇನ್‌ಸ್ಪೆಕ್ಟರ್ ಜೊತೆ ಜಗಳಕ್ಕೆ ನಿಂತಿದ್ದಳು.

ಸಾಕ್ಷಿಗೆಂದು ಅವರು ಕಟ್ಟಿಟ್ಟ ಬೀಗ ವಾಪಸ್ ಬೇಕಂತೆ... ಸೀಳಿ ನೋಡಬೇಕಂತೆ, ತಳದವರೆಗೂ ಗಟ್ಟಿಯಾಗಿದೆಯಾ ಅಂತ!